ಕನ್ನಡಿ ಹಿಡಿದವನ ಕಣ್ಣು

ನನ್ನ ಕಣ್ಣಲ್ಲಿ ನೀರು ಬರೋದಿಲ್ಲ. ಈರುಳ್ಳಿ ಹೆಚ್ಚಿದರೂ ಬರೋದಿಲ್ಲ, ಹಸಿ ಸೌದೆಯ ಹೊಗೆಗೂ ಬರೋದಿಲ್ಲ, ಹೆತ್ತವರ ಹೆಣದ ಮುಂದೆ ಕೂತಾಗಲೂ ಬರಲಿಲ್ಲ. ಇದನ್ನು ಯಾರಿಗಾದರೂ ಹೇಳಿದರೆ, "ಪುಣ್ಯವಂತ ಕಣಯ್ಯ ನೀನು, ಅಳೋ ಕಷ್ಟವೇ ಇಲ್ಲ" ಅಂತ ನಗುತ್ತಾರೆ. ಅಂಥವರ ಕಣ್ಣಿಗೆ ಒಂದು ಚಿಟಿಕೆ ಮರಳು ಹಾಕಿ, ಮೂರು ದಿನ ಉಜ್ಜದೆ ಇರಪ್ಪ ನೋಡೋಣ ಅನ್ನಬೇಕು ಅನ್ನಿಸುತ್ತೆ. ನನಗೆ ಸಿಟ್ಟು ಬೇಗ. ಹುಟ್ಟುಗುಣ ಸುಟ್ಟರೂ ಹೋಗಲ್ಲ. ಆದರೆ ಈಗ ಬರೆಯೋಕೆ ಕೂತಿರೋದು ಸಿಟ್ಟಿನಿಂದಲ್ಲ. ಈ ಕಣ್ಣನ್ನು ಮುಂದಿಟ್ಟುಕೊಂಡು ನಮ್ಮಪ್ಪನಿಗೆ ನಾನೊಂದು ಮೋಸ ಮಾಡಿದೆ, ಅದನ್ನು ಹೇಳಬೇಕು.

ನಮ್ಮದು ಮಾಲೂರು ತಾಲ್ಲೂಕಿನ ಶಿವಾರಪಟ್ಟಣ, ಕಲ್ಲಿನಲ್ಲಿ ದೇವರು ಮಾಡೋ ಊರು. ಕೆತ್ತನೆಯಲ್ಲಿ ನಮ್ಮಪ್ಪ ಊರಿಗೇ ಮೊದಲನೆಯವನು ಅಂತ ನಾನು ಹೇಳೋದಿಲ್ಲ. ಹೇಳಿದರೆ ಪಕ್ಕದ ಚಪ್ಪರದ ಶಿಲ್ಪಿಗಳು ಇವತ್ತಿಗೂ ಜಗಳಕ್ಕೆ ಬರ್ತಾರೆ. ಆದರೆ ದೇವರ ಕಣ್ಣು ತೆರೆಸೋದರಲ್ಲಿ ಅವನ ಸಮ ಇನ್ನೊಬ್ಬ ಇರಲಿಲ್ಲ. ಅದನ್ನು ಪಕ್ಕದ ಚಪ್ಪರದವರೂ ಒಪ್ಪುತ್ತಿದ್ದರು. ಮುಳಬಾಗಿಲು, ಶ್ರೀನಿವಾಸಪುರದ ಕಡೆಯಿಂದ ಬಂದವರು, "ವಿಗ್ರಹ ಯಾರಾದ್ರೂ ಮಾಡ್ಲಿ ಸ್ವಾಮಿ, ಕಣ್ಣಿಗೆ ಮಾತ್ರ ನೀವೇ ಬರಬೇಕು" ಅಂತ ಕೇಳಿಕೊಂಡು ಹೋಗುತ್ತಿದ್ದರು. ಹಾಗೆ ಕೇಳಿದ ದಿನ ಅಪ್ಪ ಒಂದು ಮುದ್ದೆ ಹೆಚ್ಚಿಗೆ ಉಣ್ಣುತ್ತಿದ್ದ.

ಗೊತ್ತಿಲ್ಲದವರಿಗೆ ಈ ಪದ್ಧತಿ ಹೇಳಿಬಿಡ್ತೀನಿ. ವಿಗ್ರಹದ ಮೈಯೆಲ್ಲ ಕೆತ್ತಿ ಮುಗಿದ ಮೇಲೂ ಕಣ್ಣುಗುಡ್ಡೆ ಬಿಡಿಸದೆ ಹಾಗೇ ಇಟ್ಟಿರುತ್ತೇವೆ. ಪ್ರತಿಷ್ಠೆಯ ದಿನ, ಗುಡಿಯಲ್ಲಿ, ಒಳ್ಳೆ ಗಳಿಗೆ ನೋಡಿ, ಸುತ್ತ ಪರದೆ ಕಟ್ಟಿ, ಶಿಲ್ಪಿ ಚಿನ್ನದ ಕಡ್ಡಿಯಲ್ಲಿ ಗೆರೆ ಎಳೆದು ಸಣ್ಣ ಉಳಿಯಿಂದ ಕಣ್ಣು ಬಿಡಿಸಬೇಕು. ಆ ಕಣ್ಣಿನ ಮೊದಲ ನೋಟ ಮನುಷ್ಯರ ಮೇಲೆ ಬೀಳಕೂಡದು. ಅದನ್ನು ತಡೆದುಕೊಳ್ಳೋ ಶಕ್ತಿ ಮನುಷ್ಯನಿಗಿಲ್ಲ ಅಂತ ನಮ್ಮವರ ನಂಬಿಕೆ. ಅದಕ್ಕೇ ದೇವರ ಎದುರಿಗೆ ಒಬ್ಬ ಕನ್ನಡಿ ಹಿಡಿದು ನಿಲ್ಲುತ್ತಾನೆ. ದೇವರು ಮೊದಲು ತನ್ನ ಮುಖ ತಾನು ನೋಡಿಕೊಳ್ಳಬೇಕು, ಆಮೇಲೆ ಹಸು ಕರು, ಆಮೇಲೆ ಊರ ಜನ. ಕನ್ನಡಿ ಹಿಡಿಯೋದು ನಮ್ಮ ಮನೆಯಲ್ಲಿ ಮಗನ ಕೆಲಸ. ಮಗ ಅಂತ ಇದ್ದವನು ನಾನೊಬ್ಬನೇ.

ಹದಿನೇಳನೇ ವಯಸ್ಸಿನಲ್ಲಿ ನನಗೊಂದು ಜ್ವರ ಬಂತು. ಮೂವತ್ತರ ದಶಕದ ಮಾತು, ಜ್ವರಕ್ಕೆಲ್ಲ ಆಗ ಕಷಾಯವೇ ಗತಿ. ಇಪ್ಪತ್ತು ದಿನ ಮಲಗಿದ್ದೆ. ಜ್ವರ ಬಿಟ್ಟಿತು, ಆದರೆ ಹೋಗುವಾಗ ಮೈಯಲ್ಲಿದ್ದ ನೀರನ್ನೆಲ್ಲ ಹೊತ್ತುಕೊಂಡು ಹೋದಂಗಾಯ್ತು. ಬೆಳಿಗ್ಗೆ ಎದ್ದರೆ ರೆಪ್ಪೆ ಗುಡ್ಡೆಗೆ ಅಂಟಿಕೊಂಡಿರೋದು, ಬೆರಳಿಂದ ಬಿಡಿಸಬೇಕು. ಹಗಲೆಲ್ಲ ಕಣ್ಣೊಳಗೆ ಹೊಟ್ಟು ಬಿದ್ದ ಹಾಗೆ ಚುಚ್ಚೋದು. ಗಾಳಿ ಆಗದು, ಬಿಸಿಲು ಆಗದು. ಕೂತವನು ಎದ್ದರೆ ಲೋಕವೆಲ್ಲ ಕಪ್ಪಾಗಿ ಕಾಲ ಕೆಳಗಿನ ನೆಲ ಜಾರೋದು. ಬೆವರಂತೂ ನಿಂತೇ ಹೋಯಿತು. ಬಿಸಿಲಲ್ಲಿ ಕೆಲಸ ಮಾಡಿದರೆ ಮೈ ಕಾದು ಉಸಿರು ಕಟ್ಟೋದು, ಅಂಗಿ ಮಾತ್ರ ಒಗೆದು ಒಣಗಿಸಿದ ಹಾಗೇ ಇರೋದು. ಅದನ್ನು ನೋಡಿ ಚಪ್ಪರದ ದೊಡ್ಡವರು, "ಏನ್ಲಾ, ಬೆಳಗಿಂದ ಉಳಿ ಹಿಡಿದವ್ನೆ, ಒಂದು ತೊಟ್ಟು ಬೆವರಿಲ್ಲ! ಮೈಗಳ್ಳ ಕಣಪ್ಪ ಇವನು" ಅಂತ ಆಡಿಕೊಳ್ಳೋರು. ಮುಳಬಾಗಿಲಿನ ನಮ್ಮ ಸೋದರಮಾವ ಒಂದು ಸಲ ನಾನು ಜಗುಲಿಯಿಂದ ಎದ್ದು ತೂರಾಡಿದ್ದು ನೋಡಿ, ಅಮ್ಮನನ್ನು ಪಕ್ಕಕ್ಕೆ ಕರೆದು, "ಹೆಂಡ ಕಲಿತಿದಾನೆ ನೋಡಮ್ಮ, ಈಗಲೇ ಹದ್ದುಬಸ್ತಿನಲ್ಲಿಡು" ಅಂದ. ಅಮ್ಮ ಅಣ್ಣ ಅಂತಲೂ ನೋಡದೆ ತೆಲುಗಿನಲ್ಲಿ ಬೈದಳು. ಅವಳಿಗೆ ಸಿಟ್ಟು ಬಂದರೆ ತವರಿನ ತೆಲುಗೇ ಬಾಯಿಗೆ ಬರೋದು.

ಕಣ್ಣು ಕೆಂಪಗಿದ್ದದ್ದು ಯಾರಿಗೂ ವಿಶೇಷ ಅನ್ನಿಸಲಿಲ್ಲ. ಕಲ್ಲು ಕೆತ್ತೋರ ಊರಲ್ಲಿ ಯಾರ ಕಣ್ಣು ತಾನೇ ಬೆಳ್ಳಗಿರುತ್ತೆ? "ಧೂಳು ಬಿದ್ದಿದೆ" ಅಂದರೆ ಮುಗಿಯಿತು. ಅಮ್ಮ ನಂದಿಬಟ್ಟಲು ಹೂವಿನ ರಸ ಬಿಡೋಳು, ತಣ್ಣನೆ ಬಟ್ಟೆ ಕಟ್ಟೋಳು. ಉಳಿದದ್ದನ್ನು ನಾನು ಮುಚ್ಚಿಟ್ಟೆ. ಏಳೋ ಮುಂಚೆ ಕಾಲ್ಬೆರಳು ಆಡಿಸೋದು, ತಲೆ ತಗ್ಗಿಸಿ ಹತ್ತು ಎಣಿಸೋದು, ಕಂಬ ಹಿಡಿದು ಅರ್ಧ ಎದ್ದು ನಿಂತು ಆಮೇಲೆ ಪೂರ್ತಿ ಏಳೋದು, ಹೀಗೆ ನನಗೆ ನಾನೇ ಉಪಾಯ ಕಲಿತುಕೊಂಡೆ.

ಯಾಕೆ ಮುಚ್ಚಿಟ್ಟೆ ಅಂದರೆ, ನಮ್ಮ ತಾತನನ್ನು ನೋಡಿದ್ದೆ. ತಾತನಿಗೆ ಕಣ್ಣಿನ ಪೊರೆ ಬಂದಾಗ ಅಪ್ಪನೇ ಅವನ ಕೈಯಿಂದ ಉಳಿ ತೆಗೆದುಕೊಂಡ. ಕಣ್ಣು ಊನವಾದವನು ದೇವರ ಮುಖ ಮುಟ್ಟಬಾರದು ಅನ್ನೋದು ನಮ್ಮ ಮನೆಯ ಕಟ್ಟಳೆ. ಐವತ್ತು ವರ್ಷ ದೇವರು ಮಾಡಿದ ಮುದುಕ ಹಿತ್ತಿಲಲ್ಲಿ ಕೂತು ಒರಳುಕಲ್ಲು ಕೊರೆದುಕೊಂಡು ಸತ್ತ. ನನಗೆ ಆಗತಾನೇ ಅಪ್ಪ ಮುಖದ ಕೆಲಸ ಕಲಿಸೋಕೆ ಶುರುಮಾಡಿದ್ದ. ತುಟಿ ಕೆತ್ತೋವರೆಗೂ ಕಲಿತಿದ್ದೆ. ಬಾಯಿ ಬಿಟ್ಟರೆ ನಾನೂ ಹಿತ್ತಿಲಿಗೇ ಅಂತ ಹೆದರಿಕೊಂಡೆ. ಎರಡು ವರ್ಷ ಹಾಗೇ ನಡೆಸಿದೆ.

ನನಗೆ ಹತ್ತೊಂಬತ್ತಾದಾಗ ಗೌನಿಪಲ್ಲಿಯ ಆಚೆ ಒಂದು ಹಳ್ಳಿಯಲ್ಲಿ ಅಮ್ಮನವರ ಪ್ರತಿಷ್ಠೆ ಬಂತು. ವೈಶಾಖ ಮಾಸ. ವಿಗ್ರಹವನ್ನು ಹುಲ್ಲಿನ ಮೇಲೆ ಮಲಗಿಸಿ, ಮುಖಕ್ಕೆ ಬಟ್ಟೆ ಸುತ್ತಿ, ಎತ್ತಿನ ಗಾಡಿಯಲ್ಲಿ ಕೋಲಾರ ದಾಟಿ ಶ್ರೀನಿವಾಸಪುರದ ಮೇಲೆ ಹೋದೆವು. ದಾರಿಯುದ್ದಕ್ಕೂ ತೋಪುಗಳಲ್ಲಿ ಮಾವು ಇಳಿಸುತ್ತಿದ್ದರು. ಅಪ್ಪನಿಗೆ ಮಾವು ಅಂದರೆ ಪ್ರಾಣ. ಗಾಡಿ ನಿಲ್ಲಿಸಿ ನಿಲ್ಲಿಸಿ, ಕಾವಲಿನವರ ಜೊತೆ ತೆಲುಗಿನಲ್ಲಿ ಹರಟೆ ಹೊಡೆದು, ಹಣ್ಣು ತಿಂದ. ನಾನು ತಲೆಗೆ ಒದ್ದೆ ಟವಲು ಹಾಕಿಕೊಂಡು ಗಾಡಿಯ ನೆರಳಿನಲ್ಲಿ ಮುದುರಿಕೊಂಡಿದ್ದೆ. "ಏನೋ, ಹುಷಾರಿಲ್ವಾ?" ಅಂತ ಅಪ್ಪ ಒಂದು ಸಲ ಕೇಳಿದ. "ಬಿಸಿಲು" ಅಂದೆ.

ಪ್ರತಿಷ್ಠೆಯ ಬೆಳಿಗ್ಗೆ ಎದ್ದಾಗಲೇ ನನಗೆ ಗೊತ್ತಿತ್ತು, ಇವತ್ತು ನನ್ನ ಕೈಲಾಗಲ್ಲ ಅಂತ. ಎರಡು ದಿನದ ಬಿಸಿಲು ಮೈಯೊಳಗೇ ಕೂತಿತ್ತು. ಕನ್ನಡಿ ಬೇರೆಯವರಿಗೆ ಕೊಡಪ್ಪ ಅನ್ನೋಣ ಅಂತ ಎರಡು ಸಲ ಅಪ್ಪನ ಹತ್ತಿರ ಹೋದೆ. ಅಪ್ಪ ಮಡಿಯುಟ್ಟು, ಚಿನ್ನದ ಕಡ್ಡಿಯನ್ನು ಕಣ್ಣಿಗೊತ್ತಿಕೊಂಡು ಕೂತಿದ್ದ. ಹೇಳದೆ ವಾಪಸ್ಸು ಬಂದೆ. ಅವತ್ತು ಆ ಒಂದು ಮಾತು ಹೇಳಿಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಪರದೆಯೊಳಗೆ ನಾವಿಬ್ಬರೇ. ಹೊರಗೆ ಹೋಮದ ಹೊಗೆ, ಮಂತ್ರ, ವಾಲಗ. ಗಂಟೆ ಹೊತ್ತು ವಿಗ್ರಹದ ಮುಂದೆ ಕನ್ನಡಿ ತೊಡೆಯ ಮೇಲಿಟ್ಟುಕೊಂಡು ಕುಕ್ಕರಗಾಲಲ್ಲಿ ಕೂತಿದ್ದೆ. ಒಂದು ಕಣ್ಣಾಯಿತು. ಎರಡನೆಯದರ ಕೊನೆಯ ಏಟಿಗೆ ಮುಂಚೆ ಅಪ್ಪ ಗಲ್ಲ ಎತ್ತಿ ಸನ್ನೆ ಮಾಡಿದ: ಏಳು. ಹಿಡಿಯೋಕೆ ಗೋಡೆಯಿಲ್ಲ, ಕಂಬವಿಲ್ಲ, ಎರಡು ಕೈಯಲ್ಲೂ ಕನ್ನಡಿ. ಹತ್ತು ಎಣಿಸೋಕೆ ಗಳಿಗೆ ಕಾಯುತ್ತಾ? ಒಂದೇ ಸಲಕ್ಕೆ ಎದ್ದೆ. ಉಳಿಯ ಮೇಲೆ ಸುತ್ತಿಗೆ ಬಿದ್ದ ಸಣ್ಣ ಸದ್ದು ಕೇಳಿಸಿತು. ಆಮೇಲೆ ಎಲ್ಲ ಕಪ್ಪು.

ಎಚ್ಚರವಾದಾಗ ನನ್ನ ತಲೆ ಅಪ್ಪನ ತೊಡೆಯ ಮೇಲಿತ್ತು. ಕನ್ನಡಿ ಚೂರುಚೂರಾಗಿತ್ತು. "ಕಣ್ಣು ಬಿಡೋ, ಕಣ್ಣು ಬಿಡೋ" ಅಂತ ಅಪ್ಪ ಕೂಗುತ್ತಿದ್ದ. ರೆಪ್ಪೆ ಅಂಟಿಕೊಂಡಿತ್ತು. ಅವನೇ ಎರಡು ಬೆರಳಲ್ಲಿ ಬಿಡಿಸಿದ. ನನ್ನ ಕಣ್ಣನ್ನು ಅಪ್ಪ ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ರಕ್ತದ ಹಾಗಿತ್ತಂತೆ. ಹೊಗೆಯಿಂದ ಗುಡಿಯಲ್ಲಿದ್ದವರೆಲ್ಲ ಕಣ್ಣೀರು ಸುರಿಸುತ್ತಿದ್ದರೆ ನನ್ನ ಕಣ್ಣು ಮಾತ್ರ ಬಣಗುಟ್ಟುತ್ತಿತ್ತು. "ಅಯ್ಯೋ, ನೀರೇ ಇಲ್ವಲ್ಲೋ ಇದರಲ್ಲಿ! ತಾಯಿ ನೋಡ್ಬಿಟ್ಳು ಕಣೋ ನಿನ್ನ! ನನ್ನ ಕೈಯಾರೆ ನಿನ್ನ ಕಣ್ಣು ಸುಟ್ನಲ್ಲೋ!" ಅಂತ ಎದೆ ಬಡಿದುಕೊಂಡ.

ಆಗ ಹೇಳಬೇಕಿತ್ತು. ನಿಜ ಹೇಳಬೇಕು ಅಂದರೆ, ಆ ಹೊತ್ತಿನಲ್ಲಿ ನನಗೆ ಸಮಾಧಾನವೇ ಆಯಿತು. ಕನ್ನಡಿ ಒಡೆದವನು ಅಂತ ಬೈಯೋ ಬದಲು ಊರಿನವರು ನನಗೆ ಎಳನೀರು ಕುಡಿಸಿದರು. ಮುದುಕಿಯೊಬ್ಬಳು ತೆಲುಗಿನಲ್ಲಿ "ನಾ ತಂಡ್ರೀ", ನನ್ನಪ್ಪನೇ, ಅಂತ ಗಲ್ಲ ಸವರಿದಳು. ನಾನು ಕಣ್ಣು ಮುಚ್ಚಿಕೊಂಡು ಮಲಗಿದ್ದೆ. ಪೂಜಾರಿಗಳು ಶಾಂತಿ ಮಾಡಿಸಿ ಪ್ರತಿಷ್ಠೆ ಮುಗಿಸಿದರು. ಎಲ್ಲ ಮುಗಿದ ಮೇಲೆ ಅಪ್ಪ ಚಿನ್ನದ ಕಡ್ಡಿಯನ್ನು ಅಮ್ಮನವರ ಪಾದದ ಹತ್ತಿರ ಇಟ್ಟು, "ಇವನ ಕಣ್ಣಲ್ಲಿ ನೀರು ಬರೋವರೆಗೂ ಈ ಕೈಯಿಂದ ಇನ್ನೊಂದು ಕಣ್ಣು ತೆರೆಸಲ್ಲ ತಾಯಿ" ಅಂದ. ಅದು ಕೇಳಿದಾಗ ಮಾತ್ರ ಮುಚ್ಚಿದ್ದ ಕಣ್ಣು ಬಿಟ್ಟೆ.

ಬೇಗ ಮನಸ್ಸು ಬದಲಾಯಿಸ್ತಾನೆ ಅಂದುಕೊಂಡಿದ್ದೆ. ನಮ್ಮಪ್ಪನನ್ನು ನಾನು ತಿಳಿದುಕೊಂಡಿದ್ದು ಅಷ್ಟೇ. ಕಣ್ಣು ತೆರೆಸದ ಶಿಲ್ಪಿಗೆ ವಿಗ್ರಹ ಮಾಡೋಕೆ ಯಾರು ಹೇಳ್ತಾರೆ? ಒಂದು ವರ್ಷದೊಳಗೆ ಬರೋರೆಲ್ಲ ಪಕ್ಕದ ಚಪ್ಪರಕ್ಕೆ ತಿರುಗಿಕೊಂಡರು. ಅಪ್ಪ ಒರಳು, ಬೀಸೋಕಲ್ಲು, ಚಪ್ಪಡಿ ಮಾಡೋಕೆ ಕೂತ. ನನ್ನನ್ನು ಕಟ್ಟಳೆಯ ಪ್ರಕಾರ ಮುಖದ ಕೆಲಸದಿಂದ ಬಿಡಿಸಿದ, ನಾನು ಪಕ್ಕದವರಿಗೆ ಪೀಠ ಕೆತ್ತಿಕೊಟ್ಟೆ. ಅಂತೂ ನಾನು ಹೆದರಿದ್ದ ಹಿತ್ತಿಲಿಗೆ ಅಪ್ಪನನ್ನೂ ಎಳೆದುಕೊಂಡೇ ಹೋದೆ. ದಿನಾ ಬೆಳಿಗ್ಗೆ ಅಪ್ಪ ನನ್ನನ್ನು ಬಾಗಿಲ ಬೆಳಕಿಗೆ ಕೂರಿಸಿಕೊಂಡು, ಹತ್ತಿಯ ಬತ್ತಿಯಿಂದ ಹರಳೆಣ್ಣೆ ಒಂದೊಂದು ತೊಟ್ಟು ಬಿಟ್ಟು, ರೆಪ್ಪೆಯ ಅಂಚು ನೋಡುತ್ತಿದ್ದ. ಎಣ್ಣೆಯ ಹೊಳಪು ಕಂಡರೆ, "ಇದು ನೀರೇನೋ?" ಅನ್ನುತ್ತಿದ್ದ. "ಎಣ್ಣೆ ಕಣಪ್ಪ" ಅನ್ನುತ್ತಿದ್ದೆ. ಬತ್ತಿ ತೆಗೆದಿಟ್ಟು ಎದ್ದು ಹೋಗುತ್ತಿದ್ದ.

ನನ್ನ ಪಾಡಂತೂ ಬಿಸಿತುಪ್ಪ ಬಾಯಿಗೆ ಹಾಕಿಕೊಂಡವನದು. ನುಂಗೋ ಹಾಗಿಲ್ಲ, ಉಗುಳೋ ಹಾಗಿಲ್ಲ. ಮೊದಲ ವಾರ ಹೇಳಿದ್ದರೆ ನಾಲ್ಕೇಟು ಬೀಳುತ್ತಿತ್ತು. ಒಂದು ವರ್ಷವಾದ ಮೇಲೆ ಹೇಳೋದು ಅಂದರೆ, "ಅಪ್ಪ, ನೀನು ಕೈಬಿಟ್ಟ ವಿದ್ಯೆ ಸುಮ್ಮನೆ ದಂಡ" ಅಂತ ಅವನ ಮುಖಕ್ಕೆ ಹೇಳಿದ ಹಾಗೆ. ತಡವಾದಷ್ಟೂ ಮಾತು ಭಾರವಾಗುತ್ತಾ ಹೋಯಿತು. ಯಾರಾದರೂ ಜ್ವರದ ಸುದ್ದಿ ಎತ್ತಿದರೂ ಸಾಕು, ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ಎರಡು ವರ್ಷದ ಮೇಲೆ ಅಪ್ಪ ನನ್ನನ್ನು ಕೋಲಾರಕ್ಕೆ ಒಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ವಯಸ್ಸಾದ ಮನುಷ್ಯ, ಆತುರವಿಲ್ಲದವರು. ಶಾಯಿ ಹೀರೋ ಕಾಗದದ ಸಣ್ಣ ಪಟ್ಟಿ ಕತ್ತರಿಸಿ ನನ್ನ ಕೆಳರೆಪ್ಪೆಗೆ ಸಿಕ್ಕಿಸಿದರು. ಐದು ನಿಮಿಷ ಬಿಟ್ಟು ತೆಗೆದರೆ ಹಾಕಿದ ಹಾಗೇ ಒಣಗಿತ್ತು. ಮಲಗಿಸಿ ನಾಡಿ ನೋಡಿದರು, ನಿಲ್ಲಿಸಿ ನೋಡಿದರು. ಬೆನ್ನು ಸವರಿ ಬೆವರು ಹುಡುಕಿದರು. ಆಮೇಲೆ ಅಪ್ಪನ ಕಡೆ ತಿರುಗಿ, "ನೋಡಿ, ನಾವು ಹೇಳದೆಯೇ ಮೈಯಲ್ಲಿ ಕೆಲಸ ಮಾಡೋ ನರಗಳಿರ್ತವೆ. ಕಣ್ಣೀರು, ಬೆವರು, ಎದ್ದಾಗ ತಲೆಗೆ ರಕ್ತ ಹತ್ತೋದು, ಎಲ್ಲ ಅವುಗಳದೇ ಕೆಲಸ. ಇವನಿಗೆ ಅವೇ ಕೆಟ್ಟಿವೆ. ಕೆಲವರಿಗೆ ದೊಡ್ಡ ಜ್ವರದ ಮೇಲೆ ಹೀಗಾಗೋದು ಉಂಟು. ಜ್ವರ ಏನಾದ್ರೂ ಬಂದಿತ್ತಾ?" ಅಂದರು.

"ಬಂದಿತ್ತು ಸ್ವಾಮಿ. ಆದ್ರೆ ವಾಸಿ ಆಗಿತ್ತು. ಇದು ಆಮೇಲಿಂದು" ಅಂದ ಅಪ್ಪ.

ಡಾಕ್ಟರು ನನ್ನನ್ನೇ ನೋಡಿದರು. "ನೀನು ಹೇಳಪ್ಪ. ನಿನ್ನ ಮೈ ನಿನಗೆ ತಾನೇ ಗೊತ್ತು. ಜ್ವರದಿಂದಲೇ ಶುರುವಾಯ್ತಾ, ಇಲ್ಲ ಆಮೇಲಾ?"

ಬಾಗಿಲು ತೆಗೆದಿಟ್ಟು ಬಾ ಅಂದ ಹಾಗಿತ್ತು. ಅಪ್ಪನ ಮುಖ ನೋಡಿದೆ. ಬಾಯಿ ಸ್ವಲ್ಪ ತೆರೆದುಕೊಂಡು, ತನಗೇ ತೀರ್ಪು ಹೇಳ್ತಾರೇನೋ ಅನ್ನೋ ಹಾಗೆ ನಿಂತಿದ್ದ. ಎರಡು ವರ್ಷ ಒರಳುಕಲ್ಲು ಕುಟ್ಟಿ ಅವನ ಬೆರಳೆಲ್ಲ ದಪ್ಪವಾಗಿತ್ತು. ಆ ಬೆರಳು ನೋಡಿದ ಮೇಲೆ ನಿಜ ಹೇಳೋಕಾಗಲಿಲ್ಲ.

"ಕನ್ನಡಿ ಬಿದ್ದ ದಿನದಿಂದ ಸ್ವಾಮಿ" ಅಂದೆ.

ಡಾಕ್ಟರು ಉಸಿರು ಬಿಟ್ಟರು. "ಹಾಗಾದ್ರೆ ಇಂಥದೇ ಕಾರಣ ಅಂತ ಹೇಳೋಕೆ ಬರಲ್ಲ" ಅಂತ ಹೇಳಿ, ಕಣ್ಣಿಗೆ ಬಿಡೋ ಔಷಧಿ ಬರೆದುಕೊಟ್ಟರು, ಉಪ್ಪು ನೀರು ಜಾಸ್ತಿ ತಗೋ ಅಂದರು, ನಿಧಾನವಾಗಿ ಏಳು ಅಂದರು. ಹೊರಗೆ ಬಂದು ಅಪ್ಪ ನನಗೆ ಹೋಟೆಲಿನಲ್ಲಿ ದೋಸೆ ಕೊಡಿಸಿದ. ತಾನು ಏನೂ ತಿನ್ನಲಿಲ್ಲ. ನನಗೆ ನನ್ನ ಮೇಲೆ ಎಷ್ಟು ಅಸಹ್ಯವಾಯಿತು ಅಂದರೆ, ಆ ದೋಸೆಯನ್ನು ಪೂರ್ತಿ ತಿಂದೆ ಅನ್ನೋದನ್ನು ಬರೆಯೋಕೆ ಇವತ್ತಿಗೂ ನಾಚಿಕೆ.

ನಲವತ್ತರ ದಶಕ ಶುರುವಾದಾಗ ಅಮ್ಮ ಹೋದಳು. ಮೂರೇ ದಿನದ ವಾಂತಿಭೇದಿ. ಮುಳಬಾಗಿಲಿನಿಂದ ಸೋದರಮಾವ, ಅವನ ಹೆಂಡತಿ, ಆ ಕಡೆಯ ಹೆಂಗಸರೆಲ್ಲ ಬಂದು ಹೆಣದ ಸುತ್ತ ಹಾಡಿ ಹಾಡಿ ಅತ್ತರು. ನಾನು ಅಮ್ಮನ ಕಾಲ ಹತ್ತಿರ ಕೂತಿದ್ದೆ. ಒಳಗೆಲ್ಲ ಕಿತ್ತು ಬರುತ್ತಿತ್ತು. ಕಣ್ಣು ಉರಿಯಿತು, ಕತ್ತರಿಸಿದ ಹಾಗೆ ನೋಯಿತು, ನೀರು ಬರಲಿಲ್ಲ. ಅಳು ಅನ್ನೋದು ನೀರಾಗಿ ಹರಿದು ಹೋದರೆ ಮನುಷ್ಯನಿಗೆ ಎಷ್ಟು ಹಗುರವಾಗುತ್ತೆ ಅಂತ ಅಳೋಕೆ ಬರೋರಿಗೆ ಗೊತ್ತಿಲ್ಲ. "ಹೆತ್ತವಳು ಮಲಗವ್ಳೆ, ಒಂದು ಹನಿ ಇಲ್ಲ ನೋಡೇ! ಕಲ್ಲು ಕುಟ್ಟಿ ಕುಟ್ಟಿ ಎದೆನೂ ಕಲ್ಲಾಗದೆ" ಅಂತ ಅತ್ತೆ ನನಗೆ ಕೇಳಿಸೋ ಹಾಗೇ ಅಂದಳು. ನನಗೆ ಎದ್ದು ಅವಳ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಏಳೋದಕ್ಕೆ ಮುಂಚೆ ಅಪ್ಪ ಎದ್ದ.

"ಅವನನ್ನ ಯಾರೂ ಏನೂ ಅನ್ನಬೇಡಿ" ಅಂದ. ಗದ್ದಲವೆಲ್ಲ ನಿಂತಿತು. "ಅವನ ಕಣ್ಣೀರು ಕಿತ್ಕೊಂಡೋನು ನಾನು. ಗಳಿಗೆ ಮೀರುತ್ತೆ ಅಂತ, ಮಗ ಸರಿಯಾಗಿ ನಿಂತನೋ ಇಲ್ವೋ ನೋಡದೆ ಏಟು ಹಾಕಿದೆ. ಇಲ್ಲಿ ಮಲಗಿರೋಳಿಗೂ ಇದೇ ಕೊರಗಿತ್ತು. ಬೈಯೋದಾದ್ರೆ ನನ್ನ ಬೈಯಿರಿ." ಹೇಳಿ, ಅಷ್ಟು ಜನರ ಮುಂದೆ ಕೈಮುಗಿದ. ಅತ್ತೆ ಸೆರಗು ಬಾಯಿಗಿಟ್ಟುಕೊಂಡಳು. ನಾನು ತಲೆ ಬಗ್ಗಿಸಿಕೊಂಡು ಕೂತೇ ಇದ್ದೆ. ನನಗಿಂತ ನೀಚ ಆ ಮನೆಯಲ್ಲಿ ಇನ್ನೊಬ್ಬನಿರಲಿಲ್ಲ.

ಆಮೇಲೆ ಅಪ್ಪನಿಗೇ ದಮ್ಮು ಹಿಡಿಯಿತು. ಜೀವಮಾನವೆಲ್ಲ ಕುಡಿದ ಕಲ್ಲಿನ ಧೂಳು. ಯುದ್ಧ ಮುಗಿಯೋ ಹೊತ್ತಿಗೆ ಒರಳುಕಲ್ಲೂ ಎತ್ತಲಾರದೆ ಜಗುಲಿ ಹಿಡಿದ. ಮಲಗಿದರೆ ಉಸಿರು ಹತ್ತದು, ಗೋಡೆಗೆ ದಿಂಬು ಒರಗಿಸಿ ಕೂರಿಸಬೇಕು. ನಾನೇ ಗಂಜಿ ಕುಡಿಸುತ್ತಿದ್ದೆ, ಮೈ ಒರೆಸುತ್ತಿದ್ದೆ. ನನಗೆ ತಲೆ ಸುತ್ತುತ್ತೆ ಅಂತ, ಆ ಸ್ಥಿತಿಯಲ್ಲೂ ಅವನು, "ಮೆಲ್ಲಗೆ ಏಳೋ, ಮೆಲ್ಲಗೆ" ಅನ್ನುತ್ತಿದ್ದ. ಒಂದು ದಿನ ಬೆಳಿಗ್ಗೆ ಪೂರ್ತಿ ಬಿಸಿಲು ಬಿದ್ದಿತ್ತು. ಅಪ್ಪ ತನ್ನ ಎರಡು ಕೈ ಮುಂದೆ ಹಿಡಿದು ನೋಡಿಕೊಂಡು, "ಈ ಪಾಪ ಹೊತ್ಕೊಂಡು ಮೇಲೆ ಹೋಗ್ಬೇಕಲ್ಲೋ" ಅಂದ. ಇನ್ನು ತಡೆಯೋಕಾಗಲಿಲ್ಲ.

ಎಲ್ಲ ಹೇಳಿದೆ. ಜ್ವರದಿಂದಲೇ ಶುರುವಾದದ್ದು, ಎರಡು ವರ್ಷ ಮುಚ್ಚಿಟ್ಟದ್ದು, ತಾತನ ಗತಿ ನೋಡಿ ಹೆದರಿದ್ದು, ಪ್ರತಿಷ್ಠೆಯ ಬೆಳಿಗ್ಗೆ ಎರಡು ಸಲ ಹತ್ತಿರ ಬಂದು ವಾಪಸ್ಸು ಹೋದದ್ದು, ಡಾಕ್ಟರ ಮುಂದೆ ಸುಳ್ಳು ಹೇಳಿದ್ದು. "ಯಾವ ದೇವರೂ ನನ್ನನ್ನ ಸುಡಲಿಲ್ಲ ಅಪ್ಪ. ನಿನ್ನದೇನೂ ತಪ್ಪಿಲ್ಲ. ಕಾಯಿಲೆಗೆ ಕನ್ನಡಿ ಬಿತ್ತು, ಕನ್ನಡಿ ಬಿದ್ದು ಕಾಯಿಲೆ ಬರಲಿಲ್ಲ. ನಾನು ಪಾಪಿ" ಅಂದೆ.

ಅಪ್ಪ ಕಣ್ಣು ಮುಚ್ಚಿಕೊಂಡು ಕೇಳಿದ. ಮುಗಿದ ಮೇಲೆ ಕಣ್ಣು ಬಿಟ್ಟು ನಕ್ಕ. ಬಹಳ ವರ್ಷದಿಂದ ಅವನು ನಕ್ಕಿರಲಿಲ್ಲ.

"ಎಷ್ಟು ದಿನದಿಂದ ಕಟ್ಟಿದ್ಯೋ ಈ ಕಥೇನ?" ಅಂದ.

"ಕಟ್ಟಿಲ್ಲಪ್ಪ. ನಿಜ."

"ಸಾಯೋನು ನೆಮ್ಮದಿಯಾಗಿ ಹೋಗ್ಲಿ ಅಂತ... ಲೇ, ಆ ಡಾಕ್ಟರ ಮುಂದೆ ನೀನೇ ಹೇಳಿದ್ದಲ್ಲವಾ, ಕನ್ನಡಿ ಬಿದ್ದ ದಿನದಿಂದ ಅಂತ? ಕಾಯಿಲೆ ವಾಸಿ ಮಾಡ್ಕೊಳ್ಳೋಕೆ ಹೋದೋನು ಡಾಕ್ಟರಿಗೆ ಯಾವನಾದ್ರೂ ಸುಳ್ಳು ಹೇಳ್ತಾನೇನೋ? ನಾನೇನು ಅಷ್ಟು ದಡ್ಡನಾ?"

"ಅಮ್ಮನಾಣೆಗೂ ನಿಜ ಅಪ್ಪ."

ಅಪ್ಪ ತಟಕ್ಕನೆ ನನ್ನ ಬಾಯಿಗೆ ಕೈ ಅಡ್ಡ ಹಿಡಿದ. ಆ ಕೈಯಲ್ಲಿ ಅಷ್ಟು ಬಲ ಉಳಿದಿದೆ ಅಂತ ನನಗೆ ಗೊತ್ತಿರಲಿಲ್ಲ. "ಬೇಡ ಕಣೋ. ನನಗೋಸ್ಕರ ಸತ್ತೋಳ ಮೇಲೆ ಸುಳ್ಳು ಆಣೆ ಇಡಬೇಡ" ಅಂದ. ನನ್ನ ಮುಖ ಸವರಿ, "ಇಂಥ ಮಗನ ಕಣ್ಣು ತೆಗೆದೆನಲ್ಲ" ಅಂತ ಬಿಕ್ಕಿ ಬಿಕ್ಕಿ ಅತ್ತ.

ಅಪ್ಪ ಇನ್ನೂ ಒಂಬತ್ತು ದಿನ ಬದುಕಿದ್ದ. ಮೂರನೇ ದಿನ ಮತ್ತೆ ಹೇಳಿದೆ. "ಆಯ್ತು ಬಿಡು" ಅಂದ, ನಗುತ್ತಲೇ. ಏಳನೇ ದಿನ ಅವನ ಪಾದ ಹಿಡಿದುಕೊಂಡು, ಸಿಟ್ಟು ಮಾಡಿ, ಬೈದು, ಇನ್ನೊಂದು ಸಲ ಹೇಳಿದೆ. ಅವತ್ತು ಅಪ್ಪನಿಗೆ ಮಾತಾಡೋಕೆ ಉಸಿರು ಸಾಲುತ್ತಿರಲಿಲ್ಲ. ಎರಡು ಕೈ ಎತ್ತಿ ನನಗೆ ಮುಗಿದ.

"ಸಾಕು ಮಗನೇ" ಅಂದ. "ನೀನು ನನ್ನ ಕ್ಷಮಿಸಿದೀಯ ಅಂತ ಗೊತ್ತಾಯ್ತು."

ಆಮೇಲೆ ನಾನು ಹೇಳಲಿಲ್ಲ.